ಲಾರ್ಡ್ ರೇಲೀ

ಜಾನ್ ವಿಲಿಯಂ ಸ್ಟ್ರಟ್, ಮೂರನೆಯ ಬ್ಯಾರನ್ ರೇಲೀ (12 ನವೆಂಬರ್ 1842 – 30 ಜೂನ್ 1919) ಇಂಗ್ಲೆಂಡಿನ ಸುಪ್ರಸಿದ್ಧ ಭೌತವಿಜ್ಞಾನಿ. ಲಾರ್ಡ್ ರೇಲೀ ಎಂಬ ಹೆಸರಿನಿಂದಲೇ ಇವರು ಪ್ರಖ್ಯಾತರು. ಆಕಾಶದ ನೀಲಿ ಬಣ್ಣಕ್ಕೆ ಕಾರಣವನ್ನು ವಿವರಿಸಿದವರೆಂದೂ, ಆರ್ಗಾನ್ ಅನಿಲವನ್ನು ಕಂಡುಹಿಡಿದವರಲ್ಲಿ ಒಬ್ಬರೆಂದೂ ಇವರನ್ನು ಸ್ಮರಿಸಲಾಗುತ್ತದೆ. 1904ರಲ್ಲಿ ಇವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಆಧುನಿಕ ಧ್ವನಿವಿಜ್ಞಾನಕ್ಕೆ ಗಣಿತದ ಭದ್ರವಾದ ತಳಹದಿ ಹಾಕಿದವರಲ್ಲಿ ಇವರು ಅಗ್ರಗಣ್ಯರು. ಅತಿವೇಗದ ರೈಲುಗಳು ಉಂಟುಮಾಡುವ ಶಬ್ದವನ್ನು ಮುಂಚಿತವಾಗಿ ಲೆಕ್ಕಹಾಕಲು ಮತ್ತು ತಗ್ಗಿಸಲು ಇಂದಿನ ಎಂಜಿನಿಯರುಗಳು ಬಳಸುವ ಹಲವು ಮೂಲತತ್ತ್ವಗಳು, ಅಂತಹ ರೈಲುಗಳು ಹುಟ್ಟುವ ಎಷ್ಟೋ ದಶಕಗಳ ಮೊದಲೇ ಇವರ ಬರೆಹಗಳಲ್ಲಿ ರೂಪುಗೊಂಡಿದ್ದವು.

ಜನನ ಮತ್ತು ಬಾಲ್ಯ

ರೇಲೀಯವರು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಮಾಲ್ಡನ್ ಬಳಿಯ ಲ್ಯಾಂಗ್‌ಫರ್ಡ್ ಗ್ರೋವ್ ಎಂಬಲ್ಲಿ ಜನಿಸಿದರು. ತಂದೆ ಜಾನ್ ಜೇಮ್ಸ್ ಸ್ಟ್ರಟ್, ಎರಡನೆಯ ಬ್ಯಾರನ್ ರೇಲೀ. ತಾಯಿ ಕ್ಲಾರಾ ವಿಕರ್ಸ್. ಕುಟುಂಬವು ವಿಶಾಲವಾದ ಜಮೀನನ್ನು ಹೊಂದಿದ್ದ ಶ್ರೀಮಂತ ಮನೆತನವಾಗಿತ್ತು. ಆದರೆ ಬಾಲಕನ ಆರೋಗ್ಯ ಮೊದಲಿನಿಂದಲೂ ದುರ್ಬಲ. ಈಟನ್ ಮತ್ತು ಹ್ಯಾರೋ ಶಾಲೆಗಳೆರಡಕ್ಕೂ ಸೇರಿದರೂ ಅನಾರೋಗ್ಯದ ಕಾರಣ ಎಲ್ಲಿಯೂ ಹೆಚ್ಚು ಕಾಲ ನಿಲ್ಲಲಾಗಲಿಲ್ಲ. ಕೊನೆಗೆ ಟಾರ್ಕಿ ಎಂಬ ಕಡಲತೀರದ ಊರಿನಲ್ಲಿ ಪಾದ್ರಿಯೊಬ್ಬರು ನಡೆಸುತ್ತಿದ್ದ ಖಾಸಗಿ ಶಾಲೆಯಲ್ಲಿ ನಾಲ್ಕು ವರ್ಷ ಓದಿದರು.

ವಿದ್ಯಾಭ್ಯಾಸ

1861ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದ ರೇಲೀ, ಗಣಿತದಲ್ಲಿ ಎಡ್ವರ್ಡ್ ರೌತ್ ಅವರ ಬಳಿ ಅಭ್ಯಾಸ ಮಾಡಿದರು. ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಅವರ ಉಪನ್ಯಾಸಗಳು ಇವರ ಮೇಲೆ ಗಾಢವಾದ ಪರಿಣಾಮ ಬೀರಿದವು. ಲೆಕ್ಕದಿಂದ ತಿಳಿದುದನ್ನು ಪ್ರಯೋಗದಲ್ಲಿ ಕಣ್ಣಾರೆ ಕಾಣಬೇಕೆಂಬ ಹಂಬಲ ಇವರಲ್ಲಿ ಬೇರೂರಿದ್ದು ಈ ದಿನಗಳಲ್ಲಿಯೇ. 1865ರ ಗಣಿತ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದು ‘ಸೀನಿಯರ್ ರ‍್ಯಾಂಗ್ಲರ್’ ಎನಿಸಿಕೊಂಡರು. ಮರುವರ್ಷ ಅದೇ ಕಾಲೇಜಿನ ಫೆಲೋ ಆಗಿ ಆಯ್ಕೆಯಾದರು. ಜಮೀನುದಾರರ ಮನೆಯ ಹಿರಿಯ ಮಗ ವಿಜ್ಞಾನವನ್ನೇ ಜೀವನದ ಕಾಯಕವಾಗಿ ಆರಿಸಿಕೊಳ್ಳುವುದು ಆ ಕಾಲದ ಇಂಗ್ಲೆಂಡಿನಲ್ಲಿ ರೂಢಿಯ ಮಾತಾಗಿರಲಿಲ್ಲ.

1871ರಲ್ಲಿ ಅವರು ಬೆಳಕಿನ ಚದುರುವಿಕೆಯನ್ನು ಕುರಿತು ಪ್ರಕಟಿಸಿದ ಪ್ರಬಂಧಗಳು ಆಕಾಶವು ನೀಲಿಯಾಗಿ ಕಾಣುವುದೇಕೆ ಎಂಬುದನ್ನು ವಿವರಿಸಿದವು. ಅದೇ ವರ್ಷ ಅವರು ಎವಲಿನ್ ಬಾಲ್ಫರ್ ಅವರನ್ನು ವಿವಾಹವಾದರು. ಎವಲಿನ್ ಅವರ ಸಹೋದರ ಆರ್ಥರ್ ಬಾಲ್ಫರ್ ಮುಂದೆ ಬ್ರಿಟನ್ನಿನ ಪ್ರಧಾನಮಂತ್ರಿಯಾದರು.

ಕಾಯಿಲೆ, ನೈಲ್ ಯಾತ್ರೆ ಮತ್ತು ‘ಧ್ವನಿಯ ಸಿದ್ಧಾಂತ’

ಮದುವೆಯಾದ ಮರುವರ್ಷವೇ, 1872ರಲ್ಲಿ, ರೇಲೀಯವರು ಸಂಧಿವಾತ ಜ್ವರಕ್ಕೆ ತುತ್ತಾದರು. ಕಾಯಿಲೆ ಪ್ರಾಣಾಪಾಯದ ಅಂಚಿಗೆ ಒಯ್ದಿತ್ತು. ಇಂಗ್ಲೆಂಡಿನ ಚಳಿಗಾಲವನ್ನು ತಪ್ಪಿಸುವುದಕ್ಕಾಗಿ ದಂಪತಿಗಳು ಈಜಿಪ್ಟಿಗೆ ತೆರಳಿ, ನೈಲ್ ನದಿಯಲ್ಲಿ ದೋಣಿಮನೆಯೊಂದರಲ್ಲಿ ಪ್ರಯಾಣ ಮಾಡಿದರು. ಪ್ರಯೋಗಾಲಯವಾಗಲಿ ದೊಡ್ಡ ಗ್ರಂಥಭಂಡಾರವಾಗಲಿ ಇಲ್ಲದ ಆ ದೋಣಿಯಲ್ಲಿ, ಚೇತರಿಸಿಕೊಳ್ಳುತ್ತಿದ್ದ ರೋಗಿಯು ತನ್ನ ಮಹಾಗ್ರಂಥವಾದ ‘ದ ಥಿಯರಿ ಆಫ್ ಸೌಂಡ್’ (ಧ್ವನಿಯ ಸಿದ್ಧಾಂತ) ಬರೆಯಲು ತೊಡಗಿದರು. ಅದರ ಮೊದಲ ಸಂಪುಟ 1877ರಲ್ಲಿಯೂ ಎರಡನೆಯದು 1878ರಲ್ಲಿಯೂ ಪ್ರಕಟವಾದವು.

ತಂತಿ, ಸರಳು, ತೆಳುಹಾಳೆ, ಗಂಟೆ, ಕೊಳವೆಯೊಳಗಿನ ಗಾಳಿ ಇವೆಲ್ಲ ಹೇಗೆ ಕಂಪಿಸುತ್ತವೆ, ಆ ಕಂಪನವು ಗಾಳಿಯಲ್ಲಿ ಹೇಗೆ ಹರಡುತ್ತದೆ, ಅಡ್ಡಿ ಎದುರಾದಾಗ ಹೇಗೆ ಬಾಗುತ್ತದೆ ಎಂಬುದನ್ನು ಈ ಗ್ರಂಥವು ಒಂದೇ ಸೂತ್ರದಲ್ಲಿ ಪೋಣಿಸಿತು. ಕಂಪಿಸುವ ವಸ್ತುವಿನ ಸಹಜ ಆವೃತ್ತಿಯನ್ನು ಸಮೀಕರಣವನ್ನು ಪೂರ್ತಿ ಬಿಡಿಸದೆಯೇ ಅಂದಾಜು ಮಾಡುವ ವಿಧಾನವನ್ನು ರೇಲೀ ರೂಪಿಸಿದರು. ಅದು ಇಂದಿಗೂ ‘ರೇಲೀ ವಿಧಾನ’ವೆಂದು ಎಂಜಿನಿಯರಿಂಗ್ ಪಠ್ಯಗಳಲ್ಲಿದೆ. ಶಬ್ದದ ಮೂಲವೂ ಕೇಳುಗನೂ ತಮ್ಮ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡರೂ ಅವರ ನಡುವಿನ ಧ್ವನಿ ಸಂಬಂಧ ಬದಲಾಗದು ಎಂಬ ಪರಸ್ಪರತೆಯ ತತ್ತ್ವವನ್ನು ಅವರು 1873ರಲ್ಲಿ ವ್ಯಾಪಕ ರೂಪದಲ್ಲಿ ಸ್ಥಾಪಿಸಿದರು.

ಟರ್ಲಿಂಗ್ ಮತ್ತು ಕೇಂಬ್ರಿಜ್

1873ರಲ್ಲಿ ತಂದೆ ತೀರಿಕೊಂಡಾಗ ಬ್ಯಾರನ್ ಪದವಿಯೂ ಎಸೆಕ್ಸ್‌ನ ಟರ್ಲಿಂಗ್‌ನಲ್ಲಿದ್ದ ಜಮೀನಿನ ಹೊಣೆಯೂ ರೇಲೀಯವರಿಗೆ ಬಂದವು. ಅದೇ ವರ್ಷ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಕೆಲವು ವರ್ಷ ಬೇಸಾಯದ ಮೇಲ್ವಿಚಾರಣೆ ನೋಡಿಕೊಂಡು, 1876ರಲ್ಲಿ ಆ ಕೆಲಸವನ್ನು ತಮ್ಮನಾದ ಎಡ್ವರ್ಡ್‌ಗೆ ಒಪ್ಪಿಸಿದರು. ಟರ್ಲಿಂಗ್‌ನ ಮನೆಯಲ್ಲಿಯೇ ಅವರ ಪ್ರಯೋಗಾಲಯವಿತ್ತು. ಸರಳವಾದ ಸಾಮಗ್ರಿಗಳಿಂದ ನಿಖರವಾದ ಫಲಿತಾಂಶ ಪಡೆಯುವುದರಲ್ಲಿ ಅವರು ನಿಷ್ಣಾತರಾಗಿದ್ದರು.

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರ ನಿಧನಾನಂತರ 1879ರಲ್ಲಿ ರೇಲೀ ಕೇಂಬ್ರಿಜ್‌ನ ಎರಡನೆಯ ಕ್ಯಾವೆಂಡಿಷ್ ಪ್ರಾಧ್ಯಾಪಕರಾದರು. 1884ರವರೆಗೆ ಆ ಹುದ್ದೆಯಲ್ಲಿದ್ದು, ಪ್ರಾಯೋಗಿಕ ಭೌತಶಾಸ್ತ್ರದ ಬೋಧನೆಯನ್ನು ವ್ಯವಸ್ಥಿತಗೊಳಿಸಿದರು. ಮಹಿಳೆಯರಿಗೂ ಪ್ರಯೋಗಾಲಯದ ತರಗತಿಗಳನ್ನು ತೆರೆದರು. ವಿದ್ಯುತ್ತಿನ ಮೂಲಮಾನಗಳನ್ನು ನಿಖರವಾಗಿ ಅಳೆಯುವ ಕಾರ್ಯದಲ್ಲಿ ಎವಲಿನ್ ಅವರ ಸಹೋದರಿ ಎಲಿನರ್ ಸಿಜ್ವಿಕ್ ಅವರ ಸಹವರ್ತಿಯಾಗಿದ್ದರು. 1887ರಿಂದ 1905ರವರೆಗೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು.

ಆರ್ಗಾನ್ ಮತ್ತು ನೊಬೆಲ್ ಪ್ರಶಸ್ತಿ

ಅನಿಲಗಳ ಸಾಂದ್ರತೆಯನ್ನು ಅಳೆಯುತ್ತಿದ್ದಾಗ, ಗಾಳಿಯಿಂದ ಪಡೆದ ನೈಟ್ರೋಜನ್ ರಾಸಾಯನಿಕಗಳಿಂದ ಪಡೆದ ನೈಟ್ರೋಜನ್‌ಗಿಂತ ಸುಮಾರು ಶೇಕಡ 0.5ರಷ್ಟು ಭಾರವಾಗಿರುವುದನ್ನು ರೇಲೀ ಗಮನಿಸಿದರು. ಅಳತೆಯ ದೋಷವೆಂದು ತಳ್ಳಿಹಾಕಬಹುದಾಗಿದ್ದ ಈ ಅಲ್ಪ ವ್ಯತ್ಯಾಸವನ್ನು ಅವರು ಬಿಡಲಿಲ್ಲ. ಅದರ ಕಾರಣವೇನೆಂದು 1892ರಲ್ಲಿ ‘ನೇಚರ್’ ಪತ್ರಿಕೆಯ ಮೂಲಕ ಬಹಿರಂಗವಾಗಿ ವಿಚಾರಿಸಿದರು. ವಿಲಿಯಂ ರ‍್ಯಾಮ್ಸೆ ಅವರೊಡನೆ ನಡೆಸಿದ ಶೋಧನೆಯ ಫಲವಾಗಿ 1894ರಲ್ಲಿ ಆರ್ಗಾನ್ ಅನಿಲದ ಇರವು ಪ್ರಕಟವಾಯಿತು. 1904ರಲ್ಲಿ ರೇಲೀಯವರಿಗೆ ಭೌತಶಾಸ್ತ್ರದ, ರ‍್ಯಾಮ್ಸೆಯವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಗಳು ಸಂದವು. ಪ್ರಶಸ್ತಿಯ ಹಣವನ್ನು ರೇಲೀ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ದಾನವಾಗಿ ನೀಡಿದರು.

ಧ್ವನಿಯನ್ನು ಕುರಿತ ಶೋಧನೆಗಳು

ಪಿಸುಮಾತಿನ ಗ್ಯಾಲರಿ: ಲಂಡನ್ನಿನ ಸೇಂಟ್ ಪಾಲ್ ಕೆಥೀಡ್ರಲ್‌ನ ಗುಮ್ಮಟದ ಒಳಸುತ್ತಿನಲ್ಲಿ ಗೋಡೆಯ ಬಳಿ ಆಡಿದ ಪಿಸುಮಾತು ಎದುರು ಬದಿಯಲ್ಲಿಯೂ ಸ್ಪಷ್ಟವಾಗಿ ಕೇಳಿಸುತ್ತದೆ. ಗುಮ್ಮಟದ ಮೇಲ್ಭಾಗದಿಂದ ಧ್ವನಿ ಪ್ರತಿಫಲಿಸುವುದೇ ಇದಕ್ಕೆ ಕಾರಣವೆಂಬ ಅಭಿಪ್ರಾಯ ಹಿಂದೆ ಇತ್ತು. ಧ್ವನಿಯು ಬಾಗಿದ ಗೋಡೆಯನ್ನು ಅಂಟಿಕೊಂಡಂತೆ ಅದರ ಗುಂಟ ಸಾಗುತ್ತದೆಂದು ರೇಲೀ ತೋರಿಸಿದರು. ವಿಜಯಪುರದ ಗೋಳಗುಮ್ಮಟವನ್ನು ಕಂಡ ಕನ್ನಡಿಗರಿಗೆ ಈ ಅನುಭವ ಹೊಸದೇನಲ್ಲ.

ಧ್ವನಿಯ ದಿಕ್ಕು: ಶಬ್ದವು ಎಡದಿಂದ ಬಂದಿತೋ ಬಲದಿಂದ ಬಂದಿತೋ ಎಂಬುದನ್ನು ಕಿವಿಗಳು ಹೇಗೆ ಅರಿಯುತ್ತವೆ ಎಂಬುದನ್ನು 1907ರಲ್ಲಿ ವಿವರಿಸಿದರು. ಕೆಳಸ್ಥಾಯಿಯ ಧ್ವನಿಗಳಲ್ಲಿ ಎರಡು ಕಿವಿಗಳನ್ನು ತಲುಪುವ ಅಲೆಗಳ ನಡುವಿನ ಹಿಂದುಮುಂದು, ಮೇಲುಸ್ಥಾಯಿಯ ಧ್ವನಿಗಳಲ್ಲಿ ತಲೆಯ ನೆರಳಿನಿಂದಾಗುವ ತೀವ್ರತೆಯ ವ್ಯತ್ಯಾಸ ನಮಗೆ ದಿಕ್ಕನ್ನು ಸೂಚಿಸುತ್ತವೆ.

ಮಂಜಿನ ಎಚ್ಚರಿಕೆ: ಬ್ರಿಟನ್ನಿನ ದೀಪಸ್ತಂಭಗಳನ್ನು ನೋಡಿಕೊಳ್ಳುವ ಟ್ರಿನಿಟಿ ಹೌಸ್ ಸಂಸ್ಥೆಗೆ 1896ರಿಂದ ವೈಜ್ಞಾನಿಕ ಸಲಹೆಗಾರರಾಗಿದ್ದರು. ಮಂಜು ಕವಿದಾಗ ಹಡಗುಗಳಿಗೆ ಎಚ್ಚರಿಕೆ ನೀಡುವ ಸೈರನ್‌ಗಳ ಧ್ವನಿ ಆಕಾಶಕ್ಕೂ ನೀರಿಗೂ ಪೋಲಾಗದೆ ಕಡಲಿನ ಮೇಲೆ ಅಡ್ಡಲಾಗಿ ಹರಡಬೇಕು. ಅದಕ್ಕಾಗಿ ಕಹಳೆಯ ಬಾಯಿ ಅಗಲ ಕಡಿಮೆಯಾಗಿ, ಎತ್ತರ ಹೆಚ್ಚಾಗಿ ಇರಬೇಕೆಂದು ಅವರು ಸೂಚಿಸಿದರು.

ಗಾಳಿಯ ನಾದ: ಗಾಳಿ ಬೀಸಿದಾಗ ತಂತಿಗಳು ಹಾಡುವುದನ್ನು ಎಲ್ಲರೂ ಕೇಳಿದ್ದಾರೆ. ಈ ನಾದದ ಆವೃತ್ತಿಯು ಗಾಳಿಯ ವೇಗಕ್ಕೆ ಅನುಗುಣವಾಗಿಯೂ ತಂತಿಯ ದಪ್ಪಕ್ಕೆ ವಿಲೋಮವಾಗಿಯೂ ಇರುತ್ತದೆಂದು ಬೊಹೀಮಿಯದ ವಿಜ್ಞಾನಿ ವಿನ್ಸೆಂಕ್ ಸ್ಟ್ರೌಹಲ್ 1878ರಲ್ಲಿ ಕಂಡುಕೊಂಡಿದ್ದರು. ತಂತಿಯು ಗಾಳಿ ಬೀಸುವ ದಿಕ್ಕಿನಲ್ಲಿ ಅಲ್ಲ, ಅದಕ್ಕೆ ಅಡ್ಡಲಾಗಿ ಕಂಪಿಸುತ್ತದೆಂದು ರೇಲೀ ಮರುವರ್ಷ ತೋರಿಸಿದರು. 1915ರ ಪ್ರಬಂಧದಲ್ಲಿ ಮತ್ತೆ ಈ ವಿಷಯಕ್ಕೆ ಮರಳಿ, ತಂತಿಯ ಹಿಂದೆ ಒಂದರ ನಂತರ ಒಂದರಂತೆ ಎರಡೂ ಬದಿಗಳಿಂದ ಕಳಚಿಕೊಳ್ಳುವ ಗಾಳಿಯ ಸುಳಿಗಳಿಗೂ ನಾದಕ್ಕೂ ಇರುವ ಸಂಬಂಧವನ್ನು ವಿಶ್ಲೇಷಿಸಿದರು.

ನೆಲದ ಅಲೆಗಳು: ಘನವಸ್ತುವಿನ ಒಳಗೆ ಹರಡದೆ ಅದರ ಮೇಲ್ಮೈಯ ಗುಂಟ ಮಾತ್ರ ಸಾಗುವ ಒಂದು ಬಗೆಯ ಅಲೆ ಇರಲೇಬೇಕೆಂದು 1885ರಲ್ಲಿ ಅವರು ಗಣಿತದಿಂದ ಸಾಧಿಸಿದರು. ಭೂಕಂಪಗಳಲ್ಲಿ ಇವು ಮುಖ್ಯ ಪಾತ್ರ ವಹಿಸಬಹುದೆಂದೂ ಊಹಿಸಿದರು. ಊಹೆ ನಿಜವಾಯಿತು. ಇವೇ ಇಂದು ‘ರೇಲೀ ಅಲೆಗಳು’ ಎಂದು ಹೆಸರಾಗಿವೆ.

ಅತಿವೇಗದ ರೈಲುಗಳ ಶಬ್ದ ಮತ್ತು ರೇಲೀ

ಜಪಾನಿನಲ್ಲಿ ಟೋಕಿಯೊ ಮತ್ತು ಒಸಾಕಾ ನಡುವೆ 1964ರ ಅಕ್ಟೋಬರ್ 1ರಂದು ಶಿಂಕಾನ್‌ಸೆನ್ ರೈಲು ಆರಂಭವಾದಾಗ ರೇಲೀಯವರು ಕಾಲವಾಗಿ 45 ವರ್ಷಗಳು ಕಳೆದಿದ್ದವು. ಗಂಟೆಗೆ 210 ಕಿಲೋಮೀಟರ್ ವೇಗದ ಆ ರೈಲನ್ನು ಜಗತ್ತು ಬೆರಗಿನಿಂದ ನೋಡಿತು. ಆದರೆ ಹಳಿಯ ಪಕ್ಕದಲ್ಲಿ ವಾಸಿಸುವವರಿಗೆ ಅದು ದಿನವಿಡೀ ತಪ್ಪದ ಆರ್ಭಟವೂ ಮನೆಯ ನಡುಕವೂ ಆಯಿತು. ನಗೊಯಾ ನಗರದ ನಿವಾಸಿಗಳು 1974ರಲ್ಲಿ ನ್ಯಾಯಾಲಯದ ಮೊರೆಹೋದರು. 1975ರಲ್ಲಿ ಜಪಾನ್ ಸರ್ಕಾರವು ಶಿಂಕಾನ್‌ಸೆನ್ ಶಬ್ದಕ್ಕೆ ವಸತಿ ಪ್ರದೇಶಗಳಲ್ಲಿ 70 ಡೆಸಿಬಲ್, ವಾಣಿಜ್ಯ ಮೊದಲಾದ ಪ್ರದೇಶಗಳಲ್ಲಿ 75 ಡೆಸಿಬಲ್ ಎಂಬ ಮಾನದಂಡವನ್ನು ಗೊತ್ತುಪಡಿಸಿತು. ನಗೊಯಾದ ವ್ಯಾಜ್ಯವು 1986ರಲ್ಲಿ ರಾಜಿಯಲ್ಲಿ ಮುಗಿಯಿತು. ಅಂದಿನಿಂದ, ಇಷ್ಟು ವೇಗದಲ್ಲಿ ಓಡಿದರೆ ಇಷ್ಟು ದೂರದಲ್ಲಿ ಎಷ್ಟು ಶಬ್ದವಾದೀತು ಎಂಬುದನ್ನು ಮೊದಲೇ ಹೇಳಬಲ್ಲ ವಿಜ್ಞಾನವು ರೈಲ್ವೆಗೆ ಅನಿವಾರ್ಯವಾಯಿತು.

ಗಾಲಿ ಮತ್ತು ಹಳಿ: ಕಣ್ಣಿಗೆ ನುಣುಪಾಗಿ ಕಾಣುವ ಗಾಲಿ ಮತ್ತು ಹಳಿಗಳ ಮೇಲೆ ಅತಿ ಸೂಕ್ಷ್ಮವಾದ ಉಬ್ಬುತಗ್ಗುಗಳಿರುತ್ತವೆ. ಗಾಲಿ ಉರುಳುವಾಗ ಇವು ಎರಡನ್ನೂ ಕಂಪಿಸುವಂತೆ ಮಾಡುತ್ತವೆ. ಸಾಮಾನ್ಯವಾಗಿ ಕೆಳಸ್ಥಾಯಿಯ ಶಬ್ದ ಸ್ಲೀಪರ್‌ಗಳಿಂದಲೂ ನಡುಸ್ಥಾಯಿಯದು ಹಳಿಯಿಂದಲೂ ಮೇಲುಸ್ಥಾಯಿಯದು ಗಾಲಿಯಿಂದಲೂ ಹೊರಡುತ್ತದೆ. ಗಾಲಿಯು ಒಂದು ರೀತಿಯಲ್ಲಿ ಗಂಟೆಯೇ ಸರಿ. ಅದರ ಸಹಜ ಆವೃತ್ತಿಗಳನ್ನು ಲೆಕ್ಕಹಾಕುವಲ್ಲಿ ರೇಲೀಯವರ ಗ್ರಂಥದ ವಿಧಾನಗಳಿಂದ ಬೆಳೆದ ಗಣಿತವೇ ಬಳಕೆಯಲ್ಲಿದೆ. ಹಳಿಯನ್ನು ಆಗಾಗ ಉಜ್ಜಿ ನುಣುಪುಗೊಳಿಸುವುದು, ಗಾಲಿಯ ಮೈಯನ್ನು ಒರಟಾಗಿಸುವ ಎರಕದ ಕಬ್ಬಿಣದ ಬ್ರೇಕ್ ಬದಲಿಗೆ ಡಿಸ್ಕ್ ಬ್ರೇಕ್ ಅಳವಡಿಸುವುದು, ಗಾಲಿಗೆ ಕಂಪನವನ್ನು ಹೀರುವ ಸಾಧನ ಜೋಡಿಸುವುದು ಇಲ್ಲಿನ ಮುಖ್ಯ ಪರಿಹಾರಗಳು.

ಗಾಳಿಯ ಶಬ್ದ: ರೈಲಿನ ವೇಗ ಎರಡು ಪಟ್ಟಾದರೆ ಗಾಲಿ ಮತ್ತು ಹಳಿಗಳ ಶಬ್ದದ ಶಕ್ತಿ ಸುಮಾರು 8 ಪಟ್ಟು, ಅಂದರೆ 9 ಡೆಸಿಬಲ್, ಹೆಚ್ಚುತ್ತದೆ. ಗಾಳಿಯಿಂದ ಹುಟ್ಟುವ ಶಬ್ದವಾದರೋ ಸುಮಾರು 64 ಪಟ್ಟು, ಅಂದರೆ 18 ಡೆಸಿಬಲ್, ಹೆಚ್ಚುತ್ತದೆ. ಈ ನಿಯಮವು ಜೇಮ್ಸ್ ಲೈಟ್‌ಹಿಲ್ 1952ರಲ್ಲಿಯೂ ಕರ್ಲ್ 1955ರಲ್ಲಿಯೂ ಮಂಡಿಸಿದ ಸಿದ್ಧಾಂತಗಳಿಂದ ಬಂದುದು. ಆದ್ದರಿಂದ ಗಂಟೆಗೆ ಸುಮಾರು 300 ಕಿಲೋಮೀಟರ್ ದಾಟಿದ ಮೇಲೆ ಗಾಳಿಯ ಶಬ್ದವೇ ಮೇಲುಗೈ ಪಡೆಯತೊಡಗುತ್ತದೆ. ರೈಲಿನ ಮಾಡಿನ ಮೇಲೆ ವಿದ್ಯುತ್ ತಂತಿಯನ್ನು ಮುಟ್ಟುವ ಪ್ಯಾಂಟೋಗ್ರಾಫ್ ಎಂಬ ಚೌಕಟ್ಟು ಇದರ ಒಂದು ಪ್ರಮುಖ ಮೂಲ. ಅದರ ಸರಳುಗಳು ಹಾಡುವುದು ಸ್ಟ್ರೌಹಲ್ ಮತ್ತು ರೇಲೀ ಅಧ್ಯಯನ ಮಾಡಿದ ಅದೇ ಗಾಳಿಯ ನಾದವನ್ನು. ಗಂಟೆಗೆ 300 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 83 ಮೀಟರ್. ಇದನ್ನು 3 ಸೆಂಟಿಮೀಟರ್ ದಪ್ಪದ ಸರಳಿನ ವ್ಯಾಸದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಸುಮಾರು 555 ಹರ್ಟ್ಸ್ ಆವೃತ್ತಿ ದೊರೆಯುತ್ತದೆ. ಮನುಷ್ಯನ ಕಿವಿಗೆ ಅದು ಚೆನ್ನಾಗಿ ಕೇಳಿಸುವ ಸ್ವರ. ಗಾಳಿಯ ಸುಳಿಗಳು ಕ್ರಮಬದ್ಧವಾಗಿ ಕಳಚಿಕೊಳ್ಳದಂತೆ ಮಾಡಿದರೆ ಈ ಸ್ವರ ಕುಗ್ಗುತ್ತದೆ. 1997ರಲ್ಲಿ ಓಡಾಟಕ್ಕೆ ಬಂದ ಶಿಂಕಾನ್‌ಸೆನ್ 500 ಶ್ರೇಣಿಯ ರೈಲಿನಲ್ಲಿ ಪ್ಯಾಂಟೋಗ್ರಾಫನ್ನು ರೆಕ್ಕೆಯ ಆಕಾರಕ್ಕೆ ತಂದು, ಸದ್ದಿಲ್ಲದೆ ಹಾರುವ ಗೂಬೆಯ ಗರಿಗಳ ಅಂಚಿನಿಂದ ಸ್ಫೂರ್ತಿ ಪಡೆದ ಸಣ್ಣ ಮೊನೆಗಳನ್ನು ಅದರ ಮೇಲೆ ಮೂಡಿಸಲಾಗಿತ್ತು.

ತಡೆಗೋಡೆ: ಧ್ವನಿಯ ಅಲೆಗಳು ಅಡ್ಡಿಯ ಅಂಚಿನಲ್ಲಿ ಬಾಗುತ್ತವೆ. ಎಷ್ಟು ಬಾಗುತ್ತವೆ ಎಂಬುದು ಅಲೆಯ ಉದ್ದವನ್ನು ಅವಲಂಬಿಸಿದೆ. 340 ಹರ್ಟ್ಸ್ ಧ್ವನಿಯ ಅಲೆ ಸುಮಾರು 1 ಮೀಟರ್ ಉದ್ದವಾದರೆ, 85 ಹರ್ಟ್ಸ್‌ನದು ಸುಮಾರು 4 ಮೀಟರ್. ಆದಕಾರಣ 2 ಮೀಟರ್ ಎತ್ತರದ ಗೋಡೆಯು ಗಾಲಿಯ ಕೀರಲು ಶಬ್ದವನ್ನು ಸಾಕಷ್ಟು ತಡೆದರೂ ಕೆಳಸ್ಥಾಯಿಯ ಗುಡುಗನ್ನು ಅಷ್ಟಾಗಿ ತಡೆಯದು. ಪ್ಯಾಂಟೋಗ್ರಾಫ್ ಅಂತೂ ಗೋಡೆಗಿಂತ ಎತ್ತರದಲ್ಲಿರುವುದರಿಂದ ಅದರ ಶಬ್ದ ನೇರವಾಗಿ ಮನೆಗಳನ್ನು ತಲುಪುತ್ತದೆ. ಅದನ್ನು ಹುಟ್ಟುವಲ್ಲಿಯೇ ತಗ್ಗಿಸಬೇಕೆನ್ನುವುದು ಈ ಕಾರಣದಿಂದಲೇ.

ನೆಲದ ನಡುಕ: ಮೆತ್ತನೆಯ ಜೇಡಿಮಣ್ಣಿನಲ್ಲಿ ರೇಲೀ ಅಲೆಗಳ ವೇಗ ಬಹಳ ಕಡಿಮೆ. ರೈಲಿನ ವೇಗ ಅದನ್ನು ಸಮೀಪಿಸಿದರೆ, ಶಬ್ದದ ವೇಗವನ್ನು ಮೀರುವ ವಿಮಾನವು ಗಾಳಿಯಲ್ಲಿ ಸಿಡಿಲಿನಂತಹ ಸದ್ದನ್ನು ಎಬ್ಬಿಸುವ ಹಾಗೆ, ನೆಲದಲ್ಲಿ ಭಾರಿ ನಡುಕ ಉಂಟಾಗುತ್ತದೆ. ಇಂತಹ ಅಪಾಯವನ್ನು 1990ರ ದಶಕದಲ್ಲಿ ವಿಜ್ಞಾನಿಗಳು ಲೆಕ್ಕದಿಂದ ಮುಂಚಿತವಾಗಿ ಸೂಚಿಸಿದ್ದರು. ಆ ದಶಕದ ಕೊನೆಯಲ್ಲಿ ಸ್ವೀಡನ್ನಿನ ಲೆಡ್ಸ್‌ಗೋರ್ಡ್ ಎಂಬಲ್ಲಿ ಎಕ್ಸ್2000 ರೈಲುಗಳು ಓಡತೊಡಗಿದಾಗ ಅದು ಪ್ರತ್ಯಕ್ಷವಾಯಿತು. ರೈಲುಗಳ ವೇಗವನ್ನು ತಗ್ಗಿಸಿ, ಹಳಿಯ ಕೆಳಗಿನ ಮಣ್ಣಿಗೆ ಸುಣ್ಣ ಮತ್ತು ಸಿಮೆಂಟ್ ಬೆರೆಸಿ ಗಟ್ಟಿಗೊಳಿಸಿದ ಮೇಲೆ ತೊಂದರೆ ನಿವಾರಣೆಯಾಯಿತು.

ಮಾದರಿಗಳ ಪರೀಕ್ಷೆ: ಚಿಕ್ಕ ಮಾದರಿಯ ಮೇಲೆ ಪಡೆದ ಫಲಿತಾಂಶವನ್ನು ದೊಡ್ಡ ವಸ್ತುವಿಗೆ ಅನ್ವಯಿಸುವ ಸಾದೃಶ್ಯ ತತ್ತ್ವದ ಮಹತ್ವವನ್ನು ರೇಲೀ 1915ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹಲವು ಉದಾಹರಣೆಗಳೊಡನೆ ವಿವರಿಸಿದ್ದರು. ಗಾಳಿಸುರಂಗಗಳಲ್ಲಿ ರೈಲಿನ ಮಾದರಿಗಳನ್ನಿಟ್ಟು ಶಬ್ದವನ್ನು ಅಳೆಯುವ ಇಂದಿನ ಪದ್ಧತಿ ಈ ತತ್ತ್ವವನ್ನೇ ನಂಬಿದೆ.

ಭಾರತದೊಡನೆ ನಂಟು

ಸಿ. ವಿ. ರಾಮನ್ ಅವರು ತಮ್ಮ ಆರಂಭದ ವರ್ಷಗಳಲ್ಲಿ ಪಿಟೀಲು, ಮೃದಂಗ, ತಬಲಾ ಮೊದಲಾದ ವಾದ್ಯಗಳ ಧ್ವನಿಯನ್ನು ಆಳವಾಗಿ ಅಭ್ಯಾಸ ಮಾಡಿದರು. ರೇಲೀಯವರ ಬರೆಹಗಳು ಅವರಿಗೆ ದಾರಿದೀಪವಾಗಿದ್ದವು. ಆದರೆ ರಾಮನ್ ಕೇವಲ ಅನುಯಾಯಿಯಾಗಿ ಉಳಿಯಲಿಲ್ಲ. 1921ರಲ್ಲಿ ಸೇಂಟ್ ಪಾಲ್ ಗ್ಯಾಲರಿಯಲ್ಲಿ ಪರೀಕ್ಷೆ ನಡೆಸಿ, ರೇಲೀಯವರ ವಿವರಣೆಯಲ್ಲಿಲ್ಲದ ಸೂಕ್ಷ್ಮ ಏರಿಳಿತಗಳನ್ನು ಗುರುತಿಸಿದರು. ಸಮುದ್ರದ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬ ಮಾತ್ರ ಎಂಬ ರೇಲೀಯವರ ಅಭಿಪ್ರಾಯವನ್ನು ಅದೇ ವರ್ಷದ ಸಮುದ್ರಯಾನದಲ್ಲಿ ಪರೀಕ್ಷಿಸಿ, ನೀರೇ ಬೆಳಕನ್ನು ಚದುರಿಸುತ್ತದೆಂದು ತೋರಿಸಿದರು. ಆ ಹಾದಿ ಅವರನ್ನು 1928ರಲ್ಲಿ ರಾಮನ್ ಪರಿಣಾಮದ ಶೋಧನೆಗೆ ಕೊಂಡೊಯ್ಯಿತು. ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೊನೆಯವರೆಗೂ ಈ ನಗರದಲ್ಲಿಯೇ ನೆಲೆಸಿದರು.

ಭಾರತದಲ್ಲಿ ನಿರ್ಮಾಣವಾಗುತ್ತಿರುವ ಮುಂಬಯಿ–ಅಹಮದಾಬಾದ್ ಅತಿವೇಗದ ರೈಲುಮಾರ್ಗದಲ್ಲಿಯೂ ಎತ್ತರದ ಸೇತುವೆಗಳ ಇಕ್ಕೆಲಗಳಲ್ಲಿ ಶಬ್ದದ ತಡೆಗೋಡೆಗಳನ್ನು ಅಳವಡಿಸಲಾಗುತ್ತಿದೆ.

ಗೌರವಗಳು ಮತ್ತು ಕೊನೆಯ ದಿನಗಳು

ರೇಲೀ 1885ರಿಂದ 1896ರವರೆಗೆ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿಯೂ 1905ರಿಂದ 1908ರವರೆಗೆ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು. 1902ರಲ್ಲಿ ‘ಆರ್ಡರ್ ಆಫ್ ಮೆರಿಟ್’ ಸ್ಥಾಪನೆಯಾದಾಗ ಅದರ ಮೊದಲ ಸದಸ್ಯರಲ್ಲಿ ಇವರೂ ಒಬ್ಬರು. 1908ರಿಂದ ಕೊನೆಯವರೆಗೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಕುಲಾಧಿಪತಿಗಳಾಗಿದ್ದರು. ವಿಮಾನಯಾನದ ಸಂಶೋಧನೆಗಾಗಿ ಬ್ರಿಟಿಷ್ ಸರ್ಕಾರ 1909ರಲ್ಲಿ ನೇಮಿಸಿದ ಸಲಹಾ ಸಮಿತಿಯ ಅಧ್ಯಕ್ಷರೂ ಇವರೇ.

ಬಾಲ್ಯದಲ್ಲಿ ದುರ್ಬಲರಾಗಿದ್ದ ರೇಲೀ, ಒಟ್ಟು 446 ಪ್ರಬಂಧಗಳನ್ನು ಬರೆದರು. ಕೊನೆಯ ದಿನಗಳವರೆಗೂ ಅವರ ಲೇಖನಿ ನಿಲ್ಲಲಿಲ್ಲ. 1919ರ ಜೂನ್ 30ರಂದು ಟರ್ಲಿಂಗ್‌ನ ತಮ್ಮ ಮನೆಯಲ್ಲಿ ನಿಧನ ಹೊಂದಿದರು. ಹಿರಿಯ ಮಗ ರಾಬರ್ಟ್ ಜಾನ್ ಸ್ಟ್ರಟ್ ಅವರೂ ಭೌತವಿಜ್ಞಾನಿಯಾಗಿದ್ದು, ತಂದೆಯ ಜೀವನಚರಿತ್ರೆಯನ್ನು 1924ರಲ್ಲಿ ಪ್ರಕಟಿಸಿದರು.

ಮಹತ್ವ

ರೇಲೀಯವರು ಅತಿವೇಗದ ರೈಲಿನ ಶಬ್ದವನ್ನು ಕುರಿತು ಏನನ್ನೂ ಬರೆಯಲಿಲ್ಲ. ಬರೆಯುವ ಸಂದರ್ಭವೂ ಅವರಿಗೆ ಇರಲಿಲ್ಲ. ತಂತಿ ಏಕೆ ಹಾಡುತ್ತದೆ, ನೆಲದ ಮೈಮೇಲೆ ಅಲೆ ಹೇಗೆ ಸಾಗುತ್ತದೆ ಎಂಬಂತಹ, ತಕ್ಷಣದ ಪ್ರಯೋಜನ ಕಾಣದ ಪ್ರಶ್ನೆಗಳನ್ನು ಅವರು ತಾಳ್ಮೆಯಿಂದ ಬಿಡಿಸಿದರು. ಹಳಿಯ ಪಕ್ಕದ ಮನೆಯಲ್ಲಿ ಮಗುವೊಂದು ನೆಮ್ಮದಿಯಾಗಿ ನಿದ್ರಿಸುವಂತೆ ರೈಲನ್ನು ರೂಪಿಸಬೇಕಾದಾಗ ಆ ಉತ್ತರಗಳೇ ಕೈಗೆ ಒದಗಿದವು. ಚಂದ್ರ ಮತ್ತು ಮಂಗಳ ಗ್ರಹಗಳ ಮೇಲಿನ ಒಂದೊಂದು ಕುಳಿಗೂ, ಧ್ವನಿನಿರೋಧದ ಮೂಲಮಾನವಾದ ‘ರೇಲ್’ಗೂ ಅವರ ಹೆಸರನ್ನಿಟ್ಟು ಗೌರವಿಸಲಾಗಿದೆ.